ಬೇಳೆಯಿಂದ ಮತ್ತೆ ತೊಗರಿ ಆಗುವುದಿಲ್ಲ: ಹಾರ್ಡ್ ರಾಕ್ ಸಂಕಲನಗಳನ್ನು ಕೂಡಿಡುವ ನನ್ನ ಕ್ರಮ

ಕಳೆದ ಯುಗಾದಿಗೆ ಊರಿಗೆ ಬಂದಿದ್ದ ಅಣ್ಣನ ಮಗ ಊಟ ಮುಗಿಸಿ ಕೈ ತೊಳೆದವನೇ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ನನ್ನ ಮುಂದಿಟ್ಟ. "ಕಾಕಾ, ನಿಮಗೆಂದೇ ತುಂಬಿಸಿಕೊಂಡು ಬಂದಿದ್ದೇನೆ. ಹಾರ್ಡ್ ರಾಕ್ ಸಂಕಲನಗಳು, ಅರವತ್ತು ಆಲ್ಬಮ್. ಎಲ್ಲವೂ ಫ್ಲಾಕ್. ಇನ್ನು ಹಳೆಯ ಸಿ.ಡಿ. ಹುಡುಕಿಕೊಂಡು ಊರೂರು ತಿರುಗಬೇಡಿ" ಎಂದ.

ಫ್ಲಾಕ್ ಎಂದರೆ ಸಿ.ಡಿ.ಯ ಸದ್ದನ್ನು ಏನೂ ಕಳೆಯದೆ ಇಡುವ ಫೈಲು. ಹುಡುಗನ ಪ್ರೀತಿ ದೊಡ್ಡದು. ಆದರೆ ಚೀಲದ ಮೇಲಿನ ಮುದ್ರೆ ನೋಡಿ ಮಾಲು ಕೊಳ್ಳುವ ಅಭ್ಯಾಸ ನನಗಿಲ್ಲ. ಲ್ಯಾಪ್‌ಟಾಪ್ ತೆರೆದು ಮೊದಲ ಹಾಡನ್ನು ಸ್ಪೆಕ್ ಎಂಬ ಸಣ್ಣ ತಂತ್ರಾಂಶಕ್ಕೆ ಹಾಕಿದೆ. ಹಾಡಿನ ಸದ್ದನ್ನು ಅದು ಚಿತ್ರ ಮಾಡಿ ತೋರಿಸುತ್ತದೆ. ಎಡದಿಂದ ಬಲಕ್ಕೆ ಸಮಯ. ಕೆಳಗಿನಿಂದ ಮೇಲಕ್ಕೆ ಸದ್ದಿನ ಎತ್ತರ, ಅಂದರೆ ಬೇಸ್ ಗಿಟಾರಿನ ಗುಡುಗಿನಿಂದ ಹಿಡಿದು ಸಿಂಬಲ್‌ನ ಝಣಝಣದವರೆಗೆ. ಕೆಳಗೆಲ್ಲ ಕೆಂಪು, ಹಳದಿ, ನೇರಳೆ ತುಂಬಿಕೊಂಡಿತ್ತು. 16 ಕಿಲೋಹರ್ಟ್ಜ್ ಬಳಿಗೆ ಬರುತ್ತಲೇ ಯಾರೋ ಅಡಿಪಟ್ಟಿ ಇಟ್ಟು ಕತ್ತರಿಸಿದ ಹಾಗೆ ಬಣ್ಣ ನಿಂತುಹೋಗಿ, ಅದರ ಮೇಲೆ ಬರೀ ಕಪ್ಪು. ಎರಡನೆಯ ಹಾಡು, ಮೂರನೆಯದು, ಬೇರೆ ಆಲ್ಬಮ್‌ನದು, ಎಲ್ಲ ಹಾಗೆಯೇ.

"ಇದು ಬೇಳೆಯಪ್ಪಾ, ತೊಗರಿಯಲ್ಲ" ಎಂದೆ.

ನಾನು ಕಲಬುರಗಿಯ ನೆಹರೂ ಗಂಜ್‌ನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ತೊಗರಿ ಒಳಗೆ ಹೋಗುವುದನ್ನೂ ಬೇಳೆ ಹೊರಗೆ ಬರುವುದನ್ನೂ ಇಪ್ಪತ್ತೆಂಟು ವರ್ಷಗಳಿಂದ ನೋಡುತ್ತಿದ್ದೇನೆ. ಕಾಳು ಒಡೆದು ಸಿಪ್ಪೆ, ನುಚ್ಚು, ಚುನ್ನಿ ಬೇರೆಯಾದ ಮೇಲೆ ಆ ಬೇಳೆಯನ್ನು ಎಂಥ ಚೀಲಕ್ಕೆ ತುಂಬಿದರೂ ಅದು ಮತ್ತೆ ಇಡಿ ತೊಗರಿ ಆಗುವುದಿಲ್ಲ. ಎಂಪಿ3 ಮಾಡುವುದು ಈ ಒಡೆಯುವ ಕೆಲಸವನ್ನೇ. ಕಿವಿಗೆ ಅಷ್ಟಾಗಿ ಗೊತ್ತಾಗದು ಎಂದು ಲೆಕ್ಕ ಹಾಕಿ ಒಂದಿಷ್ಟು ಸದ್ದನ್ನು ಕೇರಿ ಎಸೆದು ಫೈಲನ್ನು ಚಿಕ್ಕದು ಮಾಡುತ್ತದೆ. ಎಸೆದದ್ದು ಹೋಯಿತು. 128 ಕಿಲೋಬಿಟ್‌ನ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಜ್ ಹತ್ತಿರ ಕತ್ತರಿ ಆಡಿಸುತ್ತದೆ, 320ರದು 20ರ ಆಸುಪಾಸಿನಲ್ಲಿ. ಸಿ.ಡಿ.ಯಲ್ಲಾದರೆ ಸದ್ದು 22 ಕಿಲೋಹರ್ಟ್ಜ್‌ವರೆಗೂ ಏರಬಲ್ಲದು. ಅಣ್ಣನ ಮಗ ತಂದದ್ದು ಎಂಪಿ3ಯನ್ನೇ ಫ್ಲಾಕ್ ಚೀಲಕ್ಕೆ ಸುರಿದು ಬಾಯಿ ಹೊಲಿದ ಮಾಲು. ಜಾಗ ಹಲವು ಪಟ್ಟು ತಿನ್ನುತ್ತದೆ, ರುಚಿ ಅದೇ.

ಫ್ಲಾಕ್‌ನದು ಬೇರೆ ಧರ್ಮ. ಅದು ಒಡೆಯುವುದಿಲ್ಲ, ಅದುಮಿ ತುಂಬುತ್ತದೆ. ಸಿ.ಡಿ.ಯಲ್ಲಿ ಒಂದೊಂದು ಸೆಕೆಂಡಿಗೆ 44,100 ಅಳತೆಗಳು, ಒಂದೊಂದು ಅಳತೆಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ವಾಹಿನಿ. ಹೀಗೆ ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಹತ್ತು ಎಂಬಿಗಿಂತ ತುಸು ಹೆಚ್ಚು. ಫ್ಲಾಕ್ ಇದನ್ನು ಅರ್ಧದಿಂದ ಮೂರನೇ ಎರಡು ಭಾಗದಷ್ಟಕ್ಕೆ ಇಳಿಸುತ್ತದೆ, ಬಿಚ್ಚಿ ಸುರಿದಾಗ ಕಾಳಿಗೆ ಕಾಳು ಲೆಕ್ಕ ಸರಿಯಾಗಿರುತ್ತದೆ. 2001ರಲ್ಲಿ ಬಂದದ್ದು, ಯಾರಿಗೂ ಕಾಸು ಕೊಡಬೇಕಿಲ್ಲ. ಅದರಲ್ಲಿ 0ಯಿಂದ 8ರವರೆಗೆ ಮಟ್ಟಗಳಿವೆ. 8 ಹಾಕಿದರೆ ಸದ್ದು ಹೆಚ್ಚು ಚೆನ್ನಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅದುಮುವುದಕ್ಕೆ ಹಿಡಿಯುವ ಹೊತ್ತು ಮತ್ತು ಫೈಲಿನ ಗಾತ್ರ ಮಾತ್ರ ಬದಲಾಗುತ್ತವೆ. ಐಫೋನ್ ಇರುವವರಿಗೆ ಆಪಲ್‌ನದೇ ಆದ ಅಲಾಕ್ ಇದೆ, ಅದೂ ನಷ್ಟವಿಲ್ಲದ್ದೇ. ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಬದಲಿಸಿದರೂ ಏನೂ ಕಳೆಯುವುದಿಲ್ಲ.

ಇಷ್ಟು ಗೊತ್ತಾದರೆ ಅರ್ಧ ಪಾಠ ಮುಗಿಯಿತು. ಉಳಿದ ಅರ್ಧವನ್ನು ಕಲಿಯಲು ನನಗೆ ಹತ್ತಾರು ವರ್ಷ ಹಿಡಿಯಿತು.

ಸಂಕಲನದೊಳಗೆ ಇರುವುದು ಯಾವ ಹಾಡು?

1990ರ ಆಸುಪಾಸಿನಲ್ಲಿ ಇಲ್ಲಿನ ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದ ನನ್ನ ಸೋದರತ್ತೆಯ ಮಗ, ಓದು ಮುಗಿಸಿ ಊರಿಗೆ ಹೋಗುವಾಗ ಎರಡು ಕ್ಯಾಸೆಟ್ ಬಿಟ್ಟುಹೋದ. ಒಂದು ಡೀಪ್ ಪರ್ಪಲ್ ತಂಡದ 1980ರ ಸಂಕಲನ 'ಡೀಪೆಸ್ಟ್ ಪರ್ಪಲ್', ಇನ್ನೊಂದು ಅದೇ ವರ್ಷದ ಏರೋಸ್ಮಿತ್‌ನ 'ಗ್ರೇಟೆಸ್ಟ್ ಹಿಟ್ಸ್'. ಶಹಾಬಜಾರಿನ ನಮ್ಮ ಹಳೆಯ ಮನೆಯ ಮಾಳಿಗೆಯ ಮೇಲೆ, ಮೇ ತಿಂಗಳ ರಾತ್ರಿ, ನೀರು ಚಿಮುಕಿಸಿದ ಹಾಸುಗಲ್ಲಿನ ಮೇಲೆ ಚಾಪೆ ಹಾಸಿಕೊಂಡು ಟೂ-ಇನ್-ಒನ್‌ನಲ್ಲಿ ಅವನ್ನು ಕೇಳಿದವನು ನಾನು. ಮೂಲ ಆಲ್ಬಮ್‌ಗಳು ನಮ್ಮ ಊರಿನತ್ತ ಸುಳಿಯುತ್ತಿರಲಿಲ್ಲ. ಬರುತ್ತಿದ್ದದ್ದು ಸಂಕಲನಗಳು. ಆದ್ದರಿಂದ ಸಂಕಲನವೆಂದರೆ ಮೂಗು ಮುರಿಯುವ ಪಂಡಿತರ ಜೊತೆ ನನಗೆ ಹೊಂದಾಣಿಕೆಯಾಗುವುದಿಲ್ಲ. ಅಲ್ಲದೆ ಕೆಲವು ಹಾಡುಗಳ ಮನೆಯೇ ಸಂಕಲನ. ಡೀಪ್ ಪರ್ಪಲ್‌ನ 'ಬ್ಲ್ಯಾಕ್ ನೈಟ್' 1970ರಲ್ಲಿ ಬಿಡಿ ಹಾಡಾಗಿ ಬಂದದ್ದು. ಆ ವರ್ಷದ 'ಇನ್ ರಾಕ್' ಆಲ್ಬಮ್‌ನ ಮೂಲ ಮುದ್ರಣದಲ್ಲಿ ಅದಿಲ್ಲ.

ಏರೋಸ್ಮಿತ್‌ನ 'ಸ್ವೀಟ್ ಇಮೋಷನ್' ಎಂದರೆ ಮೂರು ನಿಮಿಷ ಚಿಲ್ಲರೆಯ ಹಾಡು ಎಂದು ನಾನು ಹದಿನೈದು ವರ್ಷ ನಂಬಿದ್ದೆ. 1975ರ ಮೂಲ ಆಲ್ಬಮ್ 'ಟಾಯ್ಸ್ ಇನ್ ದ ಆಟಿಕ್' ಕೈಗೆ ಬಂದ ದಿನ ಅದು ನಾಲ್ಕೂವರೆ ನಿಮಿಷ ಹಾಡಿತು. ಮೋಸ ಹೋದೆ ಎನ್ನಿಸಲಿಲ್ಲ, ಪರಿಚಯದ ಮನೆಯಲ್ಲಿ ಇದುವರೆಗೆ ತೆರೆಯದ ಒಂದು ಕೋಣೆ ಕಂಡಂತಾಯಿತು. ಸಂಕಲನಕ್ಕೆ ಹಾಕಿದ್ದು ರೇಡಿಯೋಗೆಂದು ಕತ್ತರಿಸಿದ ಆವೃತ್ತಿ. ಅದನ್ನು ಎಷ್ಟೇ ಶುದ್ಧವಾಗಿ ಫ್ಲಾಕ್‌ಗೆ ಇಳಿಸಿದರೂ ಕತ್ತರಿಸಿದ್ದು ಕತ್ತರಿಸಿದ್ದೇ.

ಲಾಸ್‌ಲೆಸ್, ಅಂದರೆ ನಷ್ಟವಿಲ್ಲದ್ದು, ಎಂಬ ಮಾತು ಡಿಸ್ಕಿನಿಂದ ಫೈಲಿನವರೆಗೆ ಏನೂ ಕಳೆದಿಲ್ಲ ಎಂದಷ್ಟೇ ಹೇಳುತ್ತದೆ. ಡಿಸ್ಕಿಗೆ ಬರುವ ಮೊದಲೇ ಏನು ಕಳೆದಿತ್ತು ಎಂಬುದಕ್ಕೆ ಅದು ಜವಾಬ್ದಾರಿಯಲ್ಲ. ವೇಬ್ರಿಡ್ಜ್‌ನ ಚೀಟಿಯೂ ಅಷ್ಟೇ: ಲಾರಿಯ ತೂಕ ಹೇಳುತ್ತದೆ, ಒಳಗಿನ ತೊಗರಿಗೆ ಹುಳ ಬಿದ್ದಿದೆಯೇ ಎಂದು ಹೇಳುವುದಿಲ್ಲ. ಸಂಕಲನಗಳಲ್ಲಿ ಈ ಮೊದಲೇ ಆದ ನಷ್ಟ ಮೂರು ಬಗೆಯದು. ಕತ್ತರಿ ಒಂದು. ಎರಡನೆಯದು ಹೊಸ ಮಿಶ್ರಣ, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿಕೊಂಡ ದನಿ, ಗಿಟಾರು, ಡ್ರಮ್ಮುಗಳನ್ನು ಮತ್ತೆ ಹೊಸ ಹದದಲ್ಲಿ ಬೆರೆಸುವುದು. ಕಿಸ್ ತಂಡದ 1978ರ 'ಡಬಲ್ ಪ್ಲಾಟಿನಮ್'ನಲ್ಲಿ ಹಳೆಯ ಹಾಡುಗಳನ್ನು ಮತ್ತೆ ಮಿಶ್ರಣ ಮಾಡಿದ್ದಾರೆ, 'ಸ್ಟ್ರಟರ್' ಹಾಡನ್ನಂತೂ ಹೊಸದಾಗಿಯೇ ಹಾಡಿ '78' ಎಂದು ಬಾಲ ಸೇರಿಸಿದ್ದಾರೆ. ಝಡ್‌ಝಡ್ ಟಾಪ್ ತಂಡದ ಹಳೆಯ ಆಲ್ಬಮ್‌ಗಳನ್ನು 1987ರ 'ಸಿಕ್ಸ್ ಪ್ಯಾಕ್' ಕಟ್ಟಿಗಾಗಿ ಮರುಮಿಶ್ರಣ ಮಾಡಿದಾಗ ಡ್ರಮ್ಮಿಗೆ ಎಂಬತ್ತರ ದಶಕದ ಗುಂಯ್‌ಗುಡುವ ಸದ್ದು ಹತ್ತಿಸಿದರು. ಎಪ್ಪತ್ತರ ದಶಕದ ಒಣ ಮಣ್ಣಿನಂಥ ಸದ್ದಿಗೆ ಬಿಳಿ ಸುಣ್ಣ ಬಳಿದ ಹಾಗೆ. ಮೂಲ ಮಿಶ್ರಣ ಬೇಕೆಂದರೆ ಹಳೆಯ ಎಲ್‌ಪಿ ಇಲ್ಲವೇ 2003ರ ನಂತರದ ಮುದ್ರಣಗಳನ್ನು ಹುಡುಕಬೇಕು. ಮೂರನೆಯದು ಸದ್ದಿನ ಏರಿಕೆ. ಅದರ ವಿಷಯ ಆಮೇಲೆ.

ಇವನ್ನೆಲ್ಲ ನೆನಪಿಟ್ಟುಕೊಳ್ಳಲಾಗದ್ದಕ್ಕೆ ಮಿಲ್ಲಿನಲ್ಲಿ ಬರೆಯುವಂಥದೇ ಕೆಂಪು ಬಟ್ಟೆ ಹೊದಿಕೆಯ ಒಂದು ಖಾತೆ ಪುಸ್ತಕ ತಂದೆ. ಡಿಸ್ಕಿಗೊಂದು ಪುಟ. ಮೇಲೆ ಡಿಸ್ಕಿನ ಹೆಸರು, ಹಿಂಬದಿಯಲ್ಲಿ ಅಚ್ಚಾದ ವರ್ಷ, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು. ಕೆಳಗೆ ಹಾಡಿನ ಹೆಸರು, ಸಂಕಲನದಲ್ಲಿ ಎಷ್ಟು ನಿಮಿಷ, ಮೂಲ ಆಲ್ಬಮ್ ಮತ್ತು ವರ್ಷ, ಅಲ್ಲಿ ಎಷ್ಟು ನಿಮಿಷ. ಕೊನೆಯ ಕಂಬದಲ್ಲಿ ಒಂದೇ ಅಕ್ಷರ: ಇಡಿಯಾಗಿದ್ದರೆ 'ಇ', ಕತ್ತರಿಸಿದ್ದರೆ 'ಕ', ಮಿಶ್ರಣ ಬೇರೆಯಾಗಿದ್ದರೆ 'ಮಿ'. ಎರಡು ಮೂರು ಸೆಕೆಂಡು ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಹಾಡಿನ ಕೊನೆಯ ಮೌನ. ಹದಿನೈದು ಸೆಕೆಂಡು ದಾಟಿದರೆ ಎರಡನ್ನೂ ಕೂತು ಕೇಳಿ. ನನ್ನ ಏರೋಸ್ಮಿತ್ ಪುಟದಲ್ಲಿ 'ಕ' ಒಂದಕ್ಕಿಂತ ಹೆಚ್ಚು ಇದೆ. ಹಾಗೆಂದು ಆ ಡಿಸ್ಕನ್ನು ಎಸೆದಿಲ್ಲ. ಕತ್ತರಿಸಿದ ಆವೃತ್ತಿಯೇ ನನ್ನ ಮಾಳಿಗೆಯ ಹಾಡು, ಅದೂ ಬೇಕು.

ಡಿಸ್ಕು ಕೊಳ್ಳುವುದು

ನೆಟ್‌ನಲ್ಲಿ ಪುಕ್ಕಟೆ ಹರಿದಾಡುವ ಕಂತೆಗಳು ಕದ್ದ ಮಾಲು ಎನ್ನುವುದು ಒಂದು ಮಾತು. ಕದ್ದವನು ಒಳ್ಳೆಯದನ್ನೇ ಕದ್ದಿದ್ದಾನೆ ಎಂಬ ಖಾತ್ರಿಯೂ ಇಲ್ಲ ಎನ್ನುವುದು ಇನ್ನೊಂದು ಮಾತು. ತಿಂಗಳ ಚಂದಾದ ಸೇವೆಗಳು ಈಗ ನಷ್ಟವಿಲ್ಲದ ಸದ್ದನ್ನು ಕೊಡುತ್ತವೆ. ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚಿನ ಹಣ ಕೇಳದೆಯೇ ಕೊಡುತ್ತಿದೆ. ಕೇಳಲು ತಕರಾರಿಲ್ಲ. ಆದರೆ ಅದು ಬಾಡಿಗೆ ಮನೆ. ಒಂದು ಬೆಳಿಗ್ಗೆ ಹಳೆಯ ಸಂಕಲನ ಹೋಗಿ ಅದರ ಜಾಗದಲ್ಲಿ ಹೊಸ ರೀಮಾಸ್ಟರ್, ಅಂದರೆ ಹಳೆಯ ಮುದ್ರಣದ ಸದ್ದನ್ನು ಮತ್ತೆ ಹದ ಮಾಡಿದ ರೂಪ, ಕೂತಿದ್ದರೆ ಕೇಳುವವರು ಯಾರು? ಕೂಡಿಡುವವನಿಗೆ ಬೇಕಾದದ್ದು ಕೈಯಲ್ಲಿ ಹಿಡಿಯುವ ಡಿಸ್ಕು, ಇಲ್ಲವೇ ದುಡ್ಡು ಕೊಟ್ಟು ಇಳಿಸಿಕೊಂಡ ಫೈಲು.

ನಮ್ಮ ಊರಿನಲ್ಲಿ ಸೂಪರ್ ಮಾರ್ಕೆಟ್ ಸುತ್ತಮುತ್ತಲ ಕ್ಯಾಸೆಟ್ ಅಂಗಡಿಗಳು ಮೊಬೈಲ್ ಕವರ್ ಅಂಗಡಿಗಳಾಗಿ ಬಹಳ ಕಾಲವಾಯಿತು. ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದಾಗಲೆಲ್ಲ ಕಾಲಾ ಘೋಡಾದ ರಿದಮ್ ಹೌಸ್‌ಗೆ ಹೋಗುತ್ತಿದ್ದೆ, ಅದೂ 2016ರಲ್ಲಿ ಬಾಗಿಲು ಹಾಕಿತು. ಈಗ ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಬೆಳಿಗ್ಗೆ ಪಾದಚಾರಿ ಹಾದಿಯ ಮೇಲೆ ಹಳೆಯ ಪುಸ್ತಕ ಹರಡುತ್ತಾರಲ್ಲ, ಅದರ ನಡುವೆ ಕೆಲವೊಮ್ಮೆ ಸಿ.ಡಿ.ಯ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಮನೆ ಖಾಲಿ ಮಾಡುವವರ ಹತ್ತಿರವೂ ಸಿಗುತ್ತದೆ. ತೂಕಕ್ಕೆ ಹಾಕುವ ಮೊದಲು ಹೇಳಿ ಎಂದು ನಾಲ್ಕು ಜನ ರದ್ದಿಯವರಿಗೆ ನನ್ನ ನಂಬರ್ ಕೊಟ್ಟಿದ್ದೇನೆ.

ಡಿಸ್ಕು ಕೈಗೆ ಬಂದರೆ ಮೊದಲು ತಳ ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕಿನ ತಳ ಬೆಳ್ಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹಸಿರೋ ನೀಲಿಯೋ ಛಾಯೆ ಇದ್ದರೆ ಮನೆಯಲ್ಲಿ ಬರೆದದ್ದೆಂದು ತಿಳಿಯಿರಿ, ಹೊದಿಕೆ ಎಷ್ಟೇ ಚೆಂದವಿರಲಿ. ನಡುವಿನ ತೂತಿನ ಸುತ್ತ ಕನ್ನಡಿಯಂಥ ಉಂಗುರದಲ್ಲಿ ಸಣ್ಣ ಅಕ್ಷರಗಳಿರುತ್ತವೆ. ಅದು ಆ ಮುದ್ರಣದ ಕುಲಗೋತ್ರ. ಒಂದೇ ಹೊದಿಕೆಯ ಎರಡು ಡಿಸ್ಕುಗಳ ಉಂಗುರದಲ್ಲಿ ಬೇರೆ ಅಕ್ಷರಗಳಿದ್ದರೆ ಒಳಗಿನ ಸದ್ದೂ ಬೇರೆಯಾಗಿರಬಹುದು, ಖಾತೆಯಲ್ಲಿ ಬರೆದಿಡಿ. ಆಮೇಲೆ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿ ತೂತಿನಂಥ ಬೆಳಕು ಕಂಡರೆ ಅಲ್ಲಿ ಮಾಹಿತಿಯ ಪದರ ಹೋಗಿದೆ. ತಳದ ಗೀರಿಗೆ ಎಲ್ಲರೂ ಹೆದರುತ್ತಾರೆ, ನಿಜಕ್ಕೂ ಹೆದರಬೇಕಾದದ್ದು ಹೆಸರು ಅಚ್ಚಾದ ಮೇಲ್ಬದಿಯ ಗೀರಿಗೆ. ಹೊಳೆಯುವ ಪದರ ಇರುವುದು ಆ ಬಣ್ಣದ ಕೆಳಗೇ. ಅದರ ಮೇಲೆ ತೆಳುವಾದ ಅರಗಿನ ಲೇಪನ ಬಿಟ್ಟರೆ ಬೇರೆ ರಕ್ಷಣೆ ಇಲ್ಲ.

ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ರೀಮಾಸ್ಟರ್ ಆದ ವರ್ಷ ಇರುತ್ತದೆ. ಹಾಡುಗಳ ಪಟ್ಟಿಯನ್ನೂ ಓದಿ. ಕ್ವೀನ್ ತಂಡದ 1981ರ 'ಗ್ರೇಟೆಸ್ಟ್ ಹಿಟ್ಸ್' ಬಿಡುಗಡೆಯಾದಾಗ ದೇಶದಿಂದ ದೇಶಕ್ಕೆ ಪಟ್ಟಿ ಬೇರೆಯಾಗಿತ್ತು. ಇನ್ನು ಎಸಿ/ಡಿಸಿಯ 'ಗ್ರೇಟೆಸ್ಟ್ ಹಿಟ್ಸ್' ಎಂದು ಯಾರಾದರೂ ಮಾರಿದರೆ ಮುಂದಿನ ಅಂಗಡಿಗೆ ನಡೆಯಿರಿ. ಆ ತಂಡ ಅಂಥದೊಂದನ್ನು ಹೊರತಂದೇ ಇಲ್ಲ. ಸಂಕಲನದ ಹತ್ತಿರಕ್ಕೆ ಬರುವುದೆಂದರೆ 1986ರ 'ಹೂ ಮೇಡ್ ಹೂ' ಮತ್ತು 2010ರ 'ಐರನ್ ಮ್ಯಾನ್ 2', ಎರಡೂ ಸಿನಿಮಾದ ಹಾಡುಗಳ ಆಲ್ಬಮ್‌ಗಳು. ಹೀಗೆಂದು ಗೊತ್ತಾಗುವ ಮೊದಲು ಅಂಥದೊಂದು ಡಿಸ್ಕಿಗೆ ಇನ್ನೂರು ರೂಪಾಯಿ ಕೊಟ್ಟವನೂ ನಾನೇ.

ಫೈಲಿಗೆ ಇಳಿಸುವುದು

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಒಂದನ್ನು ಕೊಳ್ಳಿ, ದುಬಾರಿಯದು ಬೇಡ. ಡಿಸ್ಕಿನ ಹಾಡನ್ನು ಫೈಲಿಗೆ ಇಳಿಸಲು ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಇದೆ, ಸ್ವಂತ ಬಳಕೆಗೆ ಉಚಿತ. ಮ್ಯಾಕ್‌ಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ಗೆ ವಿಪ್ಪರ್.

ಸುಮ್ಮನೆ ಎಳೆದು ಹಾಕಿಕೊಂಡರೆ ಸಾಲದೇ ಎಂದು ಅಣ್ಣನ ಮಗ ಕೇಳಿದ. ಸಾಲದು. ದಾಖಲೆ ತುಂಬಿದ ಸಿ.ಡಿ.ಯಲ್ಲಿ ತಪ್ಪು ತಿದ್ದುವ ಒಂದು ಹೆಚ್ಚುವರಿ ಪದರ ಇರುತ್ತದೆ, ಹಾಡಿನ ಸಿ.ಡಿ.ಯಲ್ಲಿ ಅದಿಲ್ಲ. ಗೀರಿನ ಜಾಗದಲ್ಲಿ ಓದಲಾಗದಿದ್ದರೆ ಡ್ರೈವ್ ಅಕ್ಕಪಕ್ಕದ ಅಳತೆ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ, ನಿಮಗೆ ಹೇಳುವುದೂ ಇಲ್ಲ. ಸಾಲದ ಪುಟ ಹರಿದಿದ್ದರೆ ಗುಮಾಸ್ತ ತನಗೆ ತೋಚಿದ ಅಂಕಿ ಬರೆದ ಹಾಗೆ. ಎಕ್ಸಾಕ್ಟ್ ಆಡಿಯೋ ಕಾಪಿಯ 'ಸೆಕ್ಯೂರ್' ವಿಧಾನ ಪ್ರತಿ ತುಣುಕನ್ನು ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ.

ಮೊದಲ ಸಲ ತೆರೆದಾಗ ಡ್ರೈವಿನ ಗುಣ ಪತ್ತೆ ಮಾಡುವ ಗುಂಡಿ ಒತ್ತಿ, ಸೆಕ್ಯೂರ್ ವಿಧಾನ ಆರಿಸಿ, ಓದುವಾಗಿನ ತಪ್ಪನ್ನು ಡ್ರೈವೇ ವರದಿ ಮಾಡುವ ಸಿ2 ಎಂಬುದನ್ನು ಆಫ್ ಮಾಡಿ. ಆಮೇಲೆ ಹೆಚ್ಚು ಪ್ರಚಾರದಲ್ಲಿದ್ದ ಯಾವುದಾದರೂ ಡಿಸ್ಕನ್ನು ಹಾಕಿ. ಅಕ್ಯುರೇಟ್‌ರಿಪ್ ಎಂಬ ದತ್ತಸಂಚಯವನ್ನು ಕೇಳಿ ಅದು ನಿಮ್ಮ ಡ್ರೈವಿನ 'ಆಫ್‌ಸೆಟ್' ಹೊಂದಿಸುತ್ತದೆ. ಪ್ರತಿ ಡ್ರೈವೂ ಹಾಡಿನ ಆರಂಭವನ್ನು ಕೂದಲೆಳೆಯಷ್ಟು ಆಚೀಚೆ ಓದುತ್ತದೆ, ಅದರ ತಿದ್ದುಪಡಿ ಇದು. ಒಮ್ಮೆ ಮಾಡಿದರೆ ಆಯಿತು. ಇಷ್ಟಾದ ಮೇಲೆ ಪ್ರತಿ ಡಿಸ್ಕಿಗೂ ಮಾಡುವುದು ಒಂದೇ: 'ಟೆಸ್ಟ್ ಆ್ಯಂಡ್ ಕಾಪಿ' ಒತ್ತುವುದು. ಅದು ಒಮ್ಮೆ ಓದಿ ಮೊತ್ತ (ಇಡೀ ಹಾಡಿನ ಅಂಕಿಗಳಿಂದ ಲೆಕ್ಕ ಹಾಕಿದ ಎಂಟು ಅಕ್ಷರದ ಗುರುತು) ತೆಗೆದು, ಇನ್ನೊಮ್ಮೆ ಓದಿ ಬರೆದು, ಎರಡೂ ಮೊತ್ತವನ್ನು ಪಕ್ಕಪಕ್ಕ ತೋರಿಸುತ್ತದೆ. ಕೊನೆಗೆ ಅಕ್ಯುರೇಟ್‌ರಿಪ್‌ನಲ್ಲಿ ಬೇರೆಯವರ ಮೊತ್ತದೊಂದಿಗೆ ಹೋಲಿಸುತ್ತದೆ. ನಮ್ಮ ವೇಬ್ರಿಡ್ಜ್‌ನಲ್ಲಿ ತೂಗಿದ ಲಾರಿಯನ್ನು ಹೊರಗಿನ ವೇಬ್ರಿಡ್ಜ್‌ನಲ್ಲೂ ತೂಗಿ ಎರಡು ಚೀಟಿ ಹೊಂದಿದಾಗ ಸಿಗುವ ನೆಮ್ಮದಿ ಇದೆಯಲ್ಲ, ಅದೇ. ಭಾರತದಲ್ಲಿ ಒತ್ತಿದ ಹಳೆಯ ಡಿಸ್ಕುಗಳು ಆ ದತ್ತಸಂಚಯದಲ್ಲಿ ಇಲ್ಲದಿರುವುದುಂಟು. ಆಗ ನಿಮ್ಮದೇ ಎರಡು ಮೊತ್ತ ತಾಳೆಯಾದರೆ ಸಾಕು. ಕೊನೆಯಲ್ಲಿ ಬರುವ ವರದಿಯನ್ನು ಹಾಡುಗಳ ಜೊತೆಯಲ್ಲೇ ಉಳಿಸಿ. ವರದಿ ಇಲ್ಲದ ಫೋಲ್ಡರ್ ಎಂದರೆ ರಸೀದಿ ಇಲ್ಲದ ಪಾವತಿ.

ಒಂದು ಡಿಸ್ಕು ನನ್ನನ್ನು ಮೂರು ದಿನ ಕಾಡಿತು. ಲೆಡ್ ಝೆಪ್ಲಿನ್‌ನ 1990ರ 'ರೀಮಾಸ್ಟರ್ಸ್', ಎರಡನೆಯ ಡಿಸ್ಕು, ಕೊನೆಯ ಹಾಡು. ಡ್ರೈವ್ ಕಿರ್ರೆನ್ನುತ್ತದೆ, ನಿಲ್ಲುತ್ತದೆ, ಮತ್ತೆ ಕಿರ್ರೆನ್ನುತ್ತದೆ. ಎರಡು ಮೊತ್ತ ಒಂದಾಗುವುದೇ ಇಲ್ಲ. ಟೂತ್‌ಪೇಸ್ಟ್ ತಿಕ್ಕಿ ಎಂದು ಸಲಹೆ ಕೊಟ್ಟವರಿದ್ದಾರೆ, ಆ ಕೆಲಸ ಮಾಡಬೇಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ, ಹಳೆಯ ಮೆತ್ತನೆಯ ಧೋತರದ ತುಂಡು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸುವುದು. ಗುಂಡಗೆ ತಿರುಗಿಸಿ ಒರೆಸಿದರೆ ಹೊಸ ಗೀರು ಹಾಡಿನ ಉದ್ದಕ್ಕೇ ಬಿದ್ದು ಇದ್ದದ್ದೂ ಕೆಡುತ್ತದೆ. ಇಷ್ಟೆಲ್ಲ ಮಾಡಿದರೂ ಆಗಲಿಲ್ಲ. ಕೊನೆಗೆ ಕಾರಣ ಹೊಳೆದದ್ದು ಡ್ರೈವನ್ನು ಮುಟ್ಟಿದಾಗ. ಮೇ ತಿಂಗಳು, ಮಧ್ಯಾಹ್ನ ಎರಡೂವರೆ, ಹೊರಗೆ 43 ಡಿಗ್ರಿ. ಡ್ರೈವ್ ಹಂಚಿನ ಹಾಗೆ ಕಾದಿತ್ತು. ಮರುದಿನ ಬೆಳಗಿನ ಐದೂವರೆಗೆ, ಹೆಂಡತಿ ಅಂಗಳಕ್ಕೆ ನೀರು ಹಾಕುವ ಹೊತ್ತಿಗೆ, ಅದೇ ಡಿಸ್ಕು ಒಂದೇ ಸಲಕ್ಕೆ ಓದಿಕೊಂಡಿತು. "ರೀ, ಪೂಜೆಗೆ ಇಷ್ಟು ಬೇಗ ಎದ್ದಿದ್ದರೆ ಪುಣ್ಯವಾದರೂ ಬರುತ್ತಿತ್ತು" ಎಂದಳು. ಅಂದಿನಿಂದ ಬೇಸಿಗೆಯಲ್ಲಿ ನನ್ನ ರಿಪ್ಪಿಂಗ್, ಅಂದರೆ ಡಿಸ್ಕಿನಿಂದ ಫೈಲಿಗೆ ಇಳಿಸುವ ಕೆಲಸ, ಎಲ್ಲ ನಸುಕಿನಲ್ಲೇ.

ಹಾಡಿನಿಂದ ಹಾಡಿಗೆ ಅಂಟಿಕೊಂಡು ಹೋಗುವ ಕಡೆ ಒಂದು ಎಚ್ಚರ. ಕ್ವೀನ್‌ನ 'ವಿ ವಿಲ್ ರಾಕ್ ಯು' ಮುಗಿದು 'ವಿ ಆರ್ ದ ಚಾಂಪಿಯನ್ಸ್' ಶುರುವಾಗುವ ಜಾಗದಲ್ಲಿ ಚಿಟ್ಟನೆ ಸದ್ದು ಕೇಳಿದರೆ ಅಥವಾ ಅರೆಗಳಿಗೆ ಖಾಲಿ ಬಿದ್ದರೆ ಎಲ್ಲೋ ಕೆಟ್ಟಿದೆ. ಎರಡು ಹಾಡಿನ ನಡುವಿನ ಅಂತರವನ್ನು ಹಿಂದಿನ ಹಾಡಿಗೇ ಸೇರಿಸುವುದು ರೂಢಿ, ಅದನ್ನು ಬದಲಿಸಬೇಡಿ. ಮೌನವನ್ನು ತೆಗೆದುಹಾಕುವ ಆಯ್ಕೆ ಎಲ್ಲಿ ಕಂಡರೂ ಬೇಡವೆನ್ನಿ.

ಗಟ್ಟಿ ಸದ್ದು, ಒಳ್ಳೆಯ ಸದ್ದು

ಬಾಕಿ ಇಟ್ಟಿದ್ದ ಮೂರನೆಯ ನಷ್ಟಕ್ಕೆ ಬರುತ್ತೇನೆ. 1990ರ ದಶಕದ ನಡುವಿನಿಂದ ಡಿಸ್ಕುಗಳ ಸದ್ದನ್ನು ಏರಿಸುವ ಪೈಪೋಟಿ ಶುರುವಾಯಿತು. ಡಿಸ್ಕಿಗೆ ಒಂದು ಮೇಲಿನ ಮಿತಿ ಇದೆ, ಅದನ್ನು ಮೀರುವಂತಿಲ್ಲ. ಆದ್ದರಿಂದ ಮೆಲ್ಲಗಿದ್ದದ್ದನ್ನು ಎತ್ತಿ ಗಟ್ಟಿಯಾಗಿದ್ದದ್ದರ ಪಕ್ಕಕ್ಕೆ ತಂದು ನಿಲ್ಲಿಸಿದರು. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಈ ಕಾರಣಕ್ಕೇ ಹೆಸರು ಕೆಡಿಸಿಕೊಂಡಿತು; ಅಭಿಮಾನಿಗಳು ವಿಡಿಯೋ ಗೇಮ್‌ಗೆ ಕೊಟ್ಟ ಆವೃತ್ತಿಯೇ ಚೆನ್ನಾಗಿದೆ ಎಂದು ತಿರುಗಿಬಿದ್ದರು. ಹಳೆಯ ಹಾಡುಗಳ ಹೊಸ ಸಂಕಲನಗಳಿಗೂ ಈ ರೋಗ ಹತ್ತಿತು. ಹಾರ್ಡ್ ರಾಕ್ ಎಂದರೆ ಗದ್ದಲ ಎನ್ನುವವರಿಗೆ ಇದು ಅರ್ಥವಾಗುವುದಿಲ್ಲ. ಡೀಪ್ ಪರ್ಪಲ್‌ನ 'ಚೈಲ್ಡ್ ಇನ್ ಟೈಮ್' ಮೊದಲು ಪಿಸುಗುಡದಿದ್ದರೆ ಆಮೇಲಿನ ಕಿರುಚಾಟಕ್ಕೆ ಬೆಲೆ ಎಲ್ಲಿಂದ ಬರಬೇಕು?

ನೋಡುವುದು ಸುಲಭ. ಆಡಾಸಿಟಿ ತಂತ್ರಾಂಶದಲ್ಲಿ ಹಾಡು ತೆರೆಯಿರಿ. ಹಳೆಯ ಮುದ್ರಣ ಜೋಳದ ಹೊಲದ ಹಾಗೆ ಕಾಣುತ್ತದೆ, ತೆನೆಗಳು ಎತ್ತರ ತಗ್ಗಾಗಿ. ಏರಿಸಿದ ಮುದ್ರಣ ಶಹಾಬಾದಿ ಕಲ್ಲಿನ ಚಪ್ಪಡಿ, ಮೇಲೆ ಕೆಳಗೆ ಸಪಾಟು. ಝೆಪ್ಲಿನ್‌ನ 1990ರ ಸಂಕಲನವನ್ನು ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರು ಧ್ವನಿ ಎಂಜಿನಿಯರ್ ಜಾರ್ಜ್ ಮರೀನೋ ಜೊತೆ ಕೂತು ಸಿದ್ಧಪಡಿಸಿದ್ದರು; 2007ರ 'ಮದರ್‌ಶಿಪ್'ಗೆ ಮತ್ತೆ ರೀಮಾಸ್ಟರ್ ಆಯಿತು. ನನ್ನಲ್ಲಿ ಎರಡೂ ಇವೆ. ಒಂದೇ ಹಾಡನ್ನು ಎರಡರಲ್ಲೂ ಹಾಕಿ ವಾಲ್ಯೂಮ್ ಸಮ ಮಾಡಿ ಕೇಳಿದರೆ ನಾನು 1990ರದ್ದಕ್ಕೇ ಕೈ ಎತ್ತುತ್ತೇನೆ. ವಾಲ್ಯೂಮ್ ಸಮ ಮಾಡುವುದನ್ನು ಮರೆಯಬೇಡಿ. ಗಟ್ಟಿಯಾಗಿರುವುದು ಮೊದಲ ಐದು ನಿಮಿಷ ಯಾವಾಗಲೂ ಗೆಲ್ಲುತ್ತದೆ. ಇದಕ್ಕೆ ರೀಪ್ಲೇಗೇನ್ ಎಂಬ ಸೌಲಭ್ಯವಿದೆ. ಫೂಬಾರ್2000 ಎಂಬ ಹಾಡು ಕೇಳುವ ತಂತ್ರಾಂಶದಲ್ಲಿ ಎಲ್ಲ ಫೈಲುಗಳಿಗೂ ಒಮ್ಮೆ ಓಡಿಸಿದರೆ ಸದ್ದನ್ನು ಮುಟ್ಟದೆ, ಎಷ್ಟು ಇಳಿಸಬೇಕೆಂಬ ಅಂಕಿಯನ್ನು ಮಾತ್ರ ಫೈಲಿನ ಹಣೆಯ ಮೇಲೆ ಬರೆಯುತ್ತದೆ.

ಸಿ.ಡಿ.ಗಿಂತ ಹೆಚ್ಚು ವಿವರವಿದೆ ಎನ್ನಲು 24 ಬಿಟ್, 96 ಕಿಲೋಹರ್ಟ್ಜ್ ಎಂದು ಮಾರುವ ಫೈಲುಗಳನ್ನೂ ಸ್ಪೆಕ್‌ನಲ್ಲಿ ನೋಡಿ. 22ರ ಮೇಲೆ ಬರೀ ಕತ್ತಲೆ ಇದ್ದರೆ ಸಿ.ಡಿ.ಯನ್ನೇ ದೊಡ್ಡ ಚೀಲಕ್ಕೆ ಹಾಕಿದ್ದಾರೆ ಎಂದು ಅನುಮಾನಿಸಬಹುದು. ಹಾಗೆಂದು ಪ್ರತಿ ಕತ್ತಲೆಯೂ ಮೋಸವಲ್ಲ. ಎಪ್ಪತ್ತರ ದಶಕದ ಟೇಪಿನಲ್ಲಿ ಮೇಲಿನ ಸದ್ದು ಮುಸ್ಸಂಜೆಯ ಹಾಗೆ ನಿಧಾನವಾಗಿ ಮಬ್ಬಾಗುತ್ತದೆ. ಅಡಿಪಟ್ಟಿ ಇಟ್ಟ ಹಾಗೆ ನಿಂತರೆ ಮಾತ್ರ ಸಂಶಯಪಡಿ. ಸುಮಾರು 15.7 ಕಿಲೋಹರ್ಟ್ಜ್‌ನಲ್ಲಿ ಹಾಡಿನುದ್ದಕ್ಕೂ ದಾರದಂಥ ಗೆರೆ ಕಂಡರೆ ಗಾಬರಿ ಬೇಡ. ಅಂದಿನ ಸ್ಟುಡಿಯೋದಲ್ಲಿ ಹೊತ್ತಿಕೊಂಡಿದ್ದ ಹಳೆಯ ಟಿ.ವಿ. ಪರದೆಯ ಸಿಳ್ಳೆ ಅದು. ನನಗಂತೂ ಅದು ಕಂಡಾಗಲೆಲ್ಲ ಖುಷಿಯಾಗುತ್ತದೆ.

ಹೆಸರಿಡುವುದು, ಕಾಪಾಡುವುದು

ಹೆಸರಿಡುವ ಕೆಲಸಕ್ಕೆ ಎಂಪಿ3ಟ್ಯಾಗ್ ಎಂಬ ತಂತ್ರಾಂಶ ಸಾಕು, ಹೆಸರು ಹಾಗಿದ್ದರೂ ಫ್ಲಾಕ್‌ಗೂ ನಡೆಯುತ್ತದೆ. ಸಂಕಲನಗಳಲ್ಲಿ ಎಡವುವುದು ಒಂದೇ ಕಡೆ. ಹಲವು ತಂಡಗಳ ಹಾಡುಗಳಿರುವ ಡಿಸ್ಕಿಗೆ 'ಆಲ್ಬಮ್ ಆರ್ಟಿಸ್ಟ್' ಎಂಬ ಕಡೆ ಒಂದೇ ಹೆಸರು ತುಂಬದಿದ್ದರೆ ಹದಿನೆಂಟು ಹಾಡು ಹದಿನೆಂಟು ಆಲ್ಬಮ್‌ಗಳಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ವರ್ಷದ ಜಾಗದಲ್ಲಿ ಸಂಕಲನದ ವರ್ಷ ಹಾಕಿ, ಟಿಪ್ಪಣಿಯ ಜಾಗದಲ್ಲಿ ಮೂಲ ಆಲ್ಬಮ್, ಮೂಲ ವರ್ಷ, ಮತ್ತೆ ಆ ಇ, ಕ, ಮಿ ಅಕ್ಷರ. ಫ್ಲಾಕ್ ಕನ್ನಡ ಅಕ್ಷರಗಳನ್ನು ಚೆನ್ನಾಗಿಯೇ ಇಟ್ಟುಕೊಳ್ಳುತ್ತದೆ. ನನ್ನ ಕಾರಿನ ಸ್ಟೀರಿಯೋ ಮಾತ್ರ ಅವನ್ನು ಖಾಲಿ ಚೌಕಗಳನ್ನಾಗಿ ತೋರಿಸುತ್ತದೆ. ಎಸಿ/ಡಿಸಿ ಹೆಸರಿನ ನಡುವಿನ ಓರೆಗೆರೆಯನ್ನು ವಿಂಡೋಸ್ ಫೋಲ್ಡರ್ ಹೆಸರಿನಲ್ಲಿ ಒಪ್ಪುವುದಿಲ್ಲ, ಅಡ್ಡಗೆರೆ ಹಾಕಿ.

ಕೇಳುವಾಗ ಬ್ಲೂಟೂತ್ ಬೇಡ, ಅದು ಸಾಮಾನ್ಯವಾಗಿ ದಾರಿಯಲ್ಲೇ ಮತ್ತೆ ಬೇಳೆ ಮಾಡುತ್ತದೆ. ತಂತಿ ಇರುವ ಹೆಡ್‌ಫೋನ್ ಸಾಕು.

ಒಂದು ಡಿಸ್ಕು ಫ್ಲಾಕ್ ಆದಾಗ 300ರಿಂದ 450 ಎಂಬಿ. ಒಂದು ಟಿಬಿಯ ಹಾರ್ಡ್‌ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ನನ್ನವು 340, ಅದರ ಮೂಲೆಯಲ್ಲಿ ಕೂತಿವೆ. 2014ರಲ್ಲಿ ನನ್ನಲ್ಲಿದ್ದದ್ದು ಒಂದೇ ಹಾರ್ಡ್‌ಡಿಸ್ಕು. ಏಪ್ರಿಲ್‌ನ ಒಂದು ಸಂಜೆ ಗಾಳಿ ಮಳೆಗೆ ಕರೆಂಟು ಹೋಗಿ ಬಂದು ಹೋಗಿ ಬಂದು, ಅದು ಟಕ್ ಟಕ್ ಎಂದು ಎರಡು ದಿನ ಬಡಿದುಕೊಂಡು ಸುಮ್ಮನಾಯಿತು. ತೊಂಬತ್ತು ಡಿಸ್ಕುಗಳ ಕೆಲಸ ಹೋಯಿತು. ಅದರಲ್ಲಿ ಏಳೆಂಟನ್ನು ಜಾಗವಿಲ್ಲವೆಂದು ಅಷ್ಟರಲ್ಲೇ ಮಾರಿಬಿಟ್ಟಿದ್ದೆ. ಈಗ ಡಿಸ್ಕುಗಳನ್ನು ಮಾರುವುದಿಲ್ಲ, ಯುಪಿಎಸ್ ಇಲ್ಲದೆ ರಿಪ್ ಮಾಡುವುದಿಲ್ಲ, ಮತ್ತು ಹಾರ್ಡ್‌ಡಿಸ್ಕು ಎರಡು. ಒಂದು ಮನೆಯಲ್ಲಿ, ಇನ್ನೊಂದು ಬೀದರಿನಲ್ಲಿರುವ ತಂಗಿಯ ಮನೆಯ ಗೋದ್ರೇಜ್ ಕಪಾಟಿನಲ್ಲಿ, ಅವಳ ರೇಷ್ಮೆ ಸೀರೆಗಳ ಕೆಳಗೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಶುರುವಾದ ಮೇಲೆ ಹೋಗಿಬರುವುದು ಹಗುರ. ಆರು ತಿಂಗಳಿಗೊಮ್ಮೆ ಇಲ್ಲಿನದನ್ನು ಅಲ್ಲಿಟ್ಟು ಅಲ್ಲಿನದನ್ನು ತರುತ್ತೇನೆ, ಜೊತೆಗೆ ಐದು ಕಿಲೋ ಬೇಳೆ, ಒಂದು ಡಬ್ಬಿ ಶೇಂಗಾ ಹಿಂಡಿ. "ಅಣ್ಣಾ, ಇದರಲ್ಲಿ ಬಂಗಾರ ಇಟ್ಟಿದ್ದೀಯಾ?" ಎಂದು ಅವಳು ಪ್ರತಿ ಸಲವೂ ಕೇಳುತ್ತಾಳೆ.

ತಂದ ಮೇಲೆ ಪರೀಕ್ಷೆ ಓಡಿಸಬೇಕು. ಫ್ಲಾಕ್ ಮಾಡುವಾಗಲೇ ಮೂಲ ಸದ್ದಿನ ಒಂದು ಮೊತ್ತವನ್ನು ಫೈಲು ತನ್ನೊಳಗೆ ಬರೆದಿಟ್ಟುಕೊಂಡಿರುತ್ತದೆ. ಫೂಬಾರ್‌ನ ಪರೀಕ್ಷಾ ಘಟಕ ಪ್ರತಿ ಫೈಲನ್ನೂ ಬಿಚ್ಚಿ ಮತ್ತೆ ಕೂಡಿ ನೋಡಿ ಹೊಂದಿತೋ ಇಲ್ಲವೋ ಹೇಳುತ್ತದೆ. ರಾತ್ರಿ ಮಲಗುವಾಗ ಹಚ್ಚಿದರೆ ಬೆಳಿಗ್ಗೆ ಪಟ್ಟಿ ಸಿದ್ಧ. ಕಳೆದ ದೀಪಾವಳಿಯ ಪಟ್ಟಿಯಲ್ಲಿ ಒಂದೇ ಒಂದು ಕೆಂಪು ಸಾಲು: 'ಡೀಪೆಸ್ಟ್ ಪರ್ಪಲ್', ಐದನೆಯ ಹಾಡು. ಹಾಕಿ ಕೇಳಿದೆ, ನಡುವೆ ಒಂದು ಕಡೆ ಅರೆಗಳಿಗೆ ಸದ್ದು ಕಿತ್ತು ಬಂದು ಮತ್ತೆ ಸರಿಹೋಯಿತು. ಬೀದರಿಗೆ ಕೊಟ್ಟುಬಂದ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇತ್ತು, ಮುಂದಿನ ಸಲ ಅದನ್ನೇ ನಕಲು ಮಾಡಬಹುದಿತ್ತು. ಆದರೂ ಕಪಾಟಿನಿಂದ ಡಿಸ್ಕು ತೆಗೆದು, ಧೋತರದ ತುಂಡಿನಿಂದ ಒರೆಸಿ, ಮರುದಿನ ನಸುಕಿನಲ್ಲಿ ಆ ಒಂದು ಹಾಡನ್ನು ಮತ್ತೆ ಇಳಿಸಿದೆ. ಹಳೆಯ ವರದಿಯ ಮೊತ್ತ, ಹೊಸ ವರದಿಯ ಮೊತ್ತ, ಎಂಟಕ್ಕೆ ಎಂಟೂ ಅಕ್ಷರ ಒಂದೇ. ಖಾತೆಯ ಆ ಪುಟದಲ್ಲಿ ತಾರೀಖು ಹಾಕಿ 'ಐದು, ಮರು ರಿಪ್, ತಾಳೆ' ಎಂದು ಬರೆದು ಮಿಲ್ಲಿಗೆ ಹೊರಟೆ.